ಸ್ವಭಾವವೂ ಒಂದು ಅಮಾನತ್

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ. ‘ಇನ್ನು ಮುಂದೇನು?’ ಸೇಡಂ ಇರಲಿ, ವಾಡಿ ಇರಲಿ, ಶಹಾಬಾದ್ ಇರಲಿ, ಆ ಪ್ರಶ್ನೆಗೆ ಸಿಗುವ ಉತ್ತರವೂ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಅಂಕ ಹೆಚ್ಚು ಬಂದರೆ ವಿಜ್ಞಾನ, ಕಡಿಮೆ ಬಂದರೆ ಕಲೆ. ಹಣವಿದ್ದರೆ ಕಾಲೇಜು, ಇಲ್ಲದಿದ್ದರೆ ಐ.ಟಿ.ಐ. ಅಥವಾ ಯಾವುದಾದರೂ ಗ್ಯಾರೇಜು. ಪಕ್ಕದ ಮನೆಯ ಹುಡುಗ ಏನು ಓದಿದನೋ ನಮ್ಮವನೂ ಅದನ್ನೇ ಓದಲಿ. ಹುಡುಗಿಯಾದರೆ ಮನೆಗೆ ಹತ್ತಿರ ಯಾವ ಕಾಲೇಜಿದೆಯೋ ಅದು. ಈ ಲೆಕ್ಕಾಚಾರದಲ್ಲಿ ಅಂಕಪಟ್ಟಿ ಇದೆ, ಶುಲ್ಕವಿದೆ, ಬಸ್ಸಿನ ಸಮಯವಿದೆ. ಆದರೆ ಓದಬೇಕಾದ ಆ ಮಗು ಎಂಥದ್ದು, ಅದರ ಮನಸ್ಸು ಯಾವ ಕಡೆ ಹರಿಯುತ್ತದೆ ಎಂಬ ಮಾತು ಮಾತ್ರ ಅಪರೂಪವಾಗಿ ಬರುತ್ತದೆ.

ನಮ್ಮ ಈ ಪ್ರದೇಶ ಕಲ್ಲಿನ ಪ್ರದೇಶ. ಶಹಾಬಾದಿನ ಕಲ್ಲು ಪದರು ಪದರಾಗಿ ಬಿಡಿಸಿಕೊಂಡು ಬರುತ್ತದೆ; ಅದು ಮನೆಯ ನೆಲಕ್ಕೆ ಫರಸಿಯಾಗುತ್ತದೆ. ಅದೇ ಸೀಮೆಯ ಇನ್ನೊಂದು ಸುಣ್ಣದ ಕಲ್ಲು ಪುಡಿಯಾಗಿ ಕುಲುಮೆಗೆ ಹೋಗಿ ಸಿಮೆಂಟಾಗುತ್ತದೆ. ಮಳಖೇಡದ ಪಕ್ಕದ ಆದಿತ್ಯನಗರವೆಂಬ ಊರು ಎದ್ದು ನಿಂತಿರುವುದೇ ಈ ಎರಡನೆಯ ಕಲ್ಲಿನ ಮೇಲೆ. ಅನುಭವಿಯಾದ ಕಲ್ಲು ಕುಟಿಗನು ಕಲ್ಲನ್ನು ನೋಡಿ, ತಟ್ಟಿ, ಅದರ ಪದರು ಎತ್ತ ಸಾಗಿದೆಯೆಂದು ತಿಳಿದ ನಂತರವೇ ಉಳಿ ಇಡುತ್ತಾನೆ. ಕಲ್ಲಿಗೆ ನಾವು ತೋರಿಸುವ ಈ ಎಚ್ಚರಿಕೆಯನ್ನು ಮಕ್ಕಳ ವಿಷಯದಲ್ಲಿ ತೋರಿಸುತ್ತಿದ್ದೇವೆಯೇ?

ಮನುಷ್ಯರು ಬೆಳ್ಳಿ ಬಂಗಾರಗಳ ಗಣಿಗಳಂತೆ ಇದ್ದಾರೆಂದು ಪ್ರವಾದಿ ಮುಹಮ್ಮದ್(ಸ)ರು ತಿಳಿಸಿರುವುದನ್ನು ಮುಸ್ಲಿಮ್ ಗ್ರಂಥವು ವರದಿ ಮಾಡಿದೆ. ಅಜ್ಞಾನ ಕಾಲದಲ್ಲಿ ಉತ್ತಮರಾಗಿದ್ದವರು ಧರ್ಮದ ತಿಳುವಳಿಕೆ ಪಡೆದಾಗ ಇಸ್ಲಾಮಿನಲ್ಲಿಯೂ ಉತ್ತಮರೇ ಆಗುತ್ತಾರೆಂಬುದು ಆ ಮಾತಿನ ಮುಂದುವರಿಕೆ. ಇದರಲ್ಲಿ ಎರಡು ಪಾಠಗಳಿವೆ. ಒಂದು, ಪ್ರತಿಯೊಬ್ಬನೊಳಗೂ ಹುಟ್ಟಿನಿಂದಲೇ ಒಂದು ಲೋಹವಿದೆ. ಎರಡು, ಅದು ತಾನಾಗಿಯೇ ಆಭರಣವಾಗುವುದಿಲ್ಲ. ಅಗೆಯಬೇಕು, ಶುದ್ಧಗೊಳಿಸಬೇಕು.

ಸ್ವಭಾವವೆಂದರೇನು?

ನಮ್ಮ ಮನೆಮಾತಿನಲ್ಲಿ ಇದನ್ನು ಮಿಜಾಜು ಎನ್ನುತ್ತೇವೆ. ಕನ್ನಡದಲ್ಲಿ ಇದಕ್ಕಾಗಿ ಎಷ್ಟೊಂದು ಪದಗಳಿವೆ ನೋಡಿ: ಮಿತಭಾಷಿ, ಮುಂಗೋಪಿ, ಹಠಮಾರಿ, ನಾಚುಗೆಯವ, ದುಡುಕಿನವ, ನಿಧಾನಸ್ಥ, ಮೃದು ಮನಸ್ಸಿನವ. ಜನರು ನೂರಾರು ವರ್ಷ ಒಬ್ಬರನ್ನೊಬ್ಬರು ಗಮನಿಸಿ ಕಟ್ಟಿದ ಪದಗಳಿವು. 1936ರಲ್ಲಿ ಅಮೆರಿಕದ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟಿನಿಂದ ಮನುಷ್ಯನ ಗುಣಸ್ವಭಾವವನ್ನು ಹೇಳುವ ಸುಮಾರು 18,000 ಪದಗಳನ್ನು ಆರಿಸಿ ಪಟ್ಟಿ ಮಾಡಿದರು. ನಂತರ ಬಂದವರು ಆ ರಾಶಿಯನ್ನು ಸೋಸುತ್ತಾ ಸೋಸುತ್ತಾ ಐದು ಮುಖ್ಯ ಗುಣಗಳಿಗೆ ತಂದು ನಿಲ್ಲಿಸಿದರು. ಇಂದು ಮನಶ್ಶಾಸ್ತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಗಡಣೆ ಇದೇ.

ಮೊದಲನೆಯದು, ಹೊಸತನ್ನು ಅರಿಯುವ ಹಂಬಲ. ಎರಡನೆಯದು, ಶಿಸ್ತು ಮತ್ತು ಹೊಣೆಗಾರಿಕೆ. ಮೂರನೆಯದು, ಜನರೊಂದಿಗೆ ಬೆರೆಯುವ ಉತ್ಸಾಹ. ನಾಲ್ಕನೆಯದು, ಇತರರೊಂದಿಗೆ ಹೊಂದಿಕೊಂಡು ಹೋಗುವ ಮೃದುತ್ವ. ಐದನೆಯದು, ಬೇಗನೆ ಆತಂಕಕ್ಕೊಳಗಾಗುವ ಗುಣ. ಇವು ಐದೂ ಎಲ್ಲರಲ್ಲಿಯೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ ಬೇರೆ. ಅವಳಿ ಮಕ್ಕಳನ್ನು ಕುರಿತ ಅಧ್ಯಯನಗಳ ಪ್ರಕಾರ ಜನರ ನಡುವಿನ ಈ ವ್ಯತ್ಯಾಸಗಳಲ್ಲಿ ಸುಮಾರು ಅರ್ಧದಷ್ಟು ಹುಟ್ಟಿನಿಂದ ಬಂದದ್ದು. ಉಳಿದುದಕ್ಕೆ ಬದುಕಿನ ಅನುಭವಗಳು ಕಾರಣ.

ಈ ಗುಣಗಳು ನಮ್ಮ ಆಯ್ಕೆಗಳ ಮೇಲೆ ಪ್ರಭಾವ ಬೀರುತ್ತವೆ. ಶಾಲಾ ಅಂಕಗಳೊಂದಿಗೆ ಹೆಚ್ಚು ನಂಟು ಕಂಡುಬಂದಿರುವುದು ಎರಡನೆಯ ಗುಣಕ್ಕೆ, ಅಂದರೆ ಶಿಸ್ತಿಗೆ. ಹೊಸತನ್ನು ಅರಿಯುವ ಹಂಬಲವುಳ್ಳವರು ಭಾಷೆ, ಸಾಹಿತ್ಯ, ಕಲೆ, ಸಂಶೋಧನೆಗಳ ಕಡೆ ವಾಲುತ್ತಾರೆ. ಜನರೊಂದಿಗೆ ಬೆರೆಯುವವರು ಸಭೆ, ಸಂಘ, ಚುನಾವಣಾ ಪ್ರಚಾರಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಇವು ಒಲವುಗಳೇ ಹೊರತು ಹಣೆಬರಹವಲ್ಲ. ಮನೆಯ ಬಡತನ, ಶಾಲೆಯ ದೂರ, ಕಲಿಸುವ ಗುರುಗಳ ಕೊರತೆ, ಇವು ಎಷ್ಟೋ ಬಾರಿ ಸ್ವಭಾವಕ್ಕಿಂತ ದೊಡ್ಡ ಕಾರಣಗಳಾಗಿರುತ್ತವೆ. ಹತ್ತು ಮೈಲಿ ನಡೆದು ಶಾಲೆಗೆ ಹೋಗಬೇಕಾದ ಹುಡುಗಿ ಶಾಲೆ ಬಿಟ್ಟಳೆಂದರೆ ‘ಅವಳಿಗೆ ಓದಿನ ಮನಸ್ಸಿರಲಿಲ್ಲ’ ಎನ್ನುವುದು ಅನ್ಯಾಯವಾಗುತ್ತದೆ.

ಪ್ರವಾದಿ(ಸ)ರು ತೋರಿಸಿದ ದಾರಿ

ಪ್ರತಿಯೊಬ್ಬನೂ ತನ್ನ ತನ್ನ ರೀತಿಯಲ್ಲಿ ಕರ್ಮವೆಸಗುತ್ತಾನೆ, ಯಾರು ಹೆಚ್ಚು ಸರಿಯಾದ ಹಾದಿಯಲ್ಲಿದ್ದಾರೆಂಬುದನ್ನು ಪ್ರಭುವೇ ಚೆನ್ನಾಗಿ ಬಲ್ಲನು ಎಂಬ ಅರ್ಥದ ಸೂಕ್ತ ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ (17:84). ಅಲ್ಲಿ ಬಂದಿರುವ ‘ಶಾಕಿಲಃ’ ಎಂಬ ಪದಕ್ಕೆ ಸ್ವಭಾವ, ಪ್ರಕೃತಿ, ರೀತಿ ಎಂದು ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ.

ಅಬ್ದುಲ್ ಕೈಸ್ ಗೋತ್ರದ ನಿಯೋಗವೊಂದು ಪ್ರವಾದಿ(ಸ)ರ ಬಳಿಗೆ ಬಂದ ಘಟನೆ ಪ್ರಸಿದ್ಧವಾಗಿದೆ. ಉಳಿದವರೆಲ್ಲ ಆತುರದಿಂದ ಒಂಟೆಗಳಿಂದಿಳಿದು ಓಡಿಬಂದರು. ಅವರ ನಾಯಕ ಅಶಜ್ಜ್(ರ) ಮಾತ್ರ ನಿಧಾನವಾಗಿ ಇಳಿದು, ಬಟ್ಟೆ ಬದಲಿಸಿಕೊಂಡು, ಶಾಂತವಾಗಿ ಬಂದರು. ಅವರಲ್ಲಿ ಅಲ್ಲಾಹನಿಗೆ ಪ್ರಿಯವಾದ ಎರಡು ಗುಣಗಳಿವೆ, ಅವು ಸಹನೆ ಮತ್ತು ನಿಧಾನ ಎಂದು ಪ್ರವಾದಿ(ಸ)ರು ಮೆಚ್ಚಿದರು. ಇವನ್ನು ತಾನು ಗಳಿಸಿಕೊಂಡೆನೋ ಅಥವಾ ಅಲ್ಲಾಹನೇ ತನ್ನ ಪ್ರಕೃತಿಯಲ್ಲಿಟ್ಟನೋ ಎಂದು ಅಶಜ್ಜ್(ರ) ವಿಚಾರಿಸಿದರು. ಅಲ್ಲಾಹನೇ ಇಟ್ಟದ್ದೆಂದು ಉತ್ತರ ಬಂದಾಗ ಅವರು ಅಲ್ಲಾಹನನ್ನು ಸ್ತುತಿಸಿದರು. ಸ್ವಭಾವವು ದಾನವಾಗಿ ಬಂದದ್ದು. ದಾನವಾಗಿ ಬಂದ ಆಯುಷ್ಯ, ಆರೋಗ್ಯ, ಸಂಪತ್ತುಗಳೆಲ್ಲ ಅಮಾನತ್ ಆಗಿರುವಾಗ ಸ್ವಭಾವವೂ ಅಮಾನತ್ ಅಲ್ಲವೇ?

ಪ್ರವಾದಿ(ಸ)ರು ತಮ್ಮ ಅನುಚರರಿಗೆ ಹೊಣೆಗಳನ್ನು ಹಂಚಿದ ಬಗೆಯನ್ನು ನೋಡಿದರೆ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅದಾನಿನ ಪದಗಳನ್ನು ಕನಸಿನಲ್ಲಿ ಕಂಡವರು ಅಬ್ದುಲ್ಲಾ ಬಿನ್ ಝೈದ್(ರ). ಆದರೆ ಅದಾನ್ ಕರೆಯುವ ಕೆಲಸ ದೊರೆತದ್ದು ಬಿಲಾಲ್(ರ)ರಿಗೆ. ಏಕೆಂದರೆ ಅವರ ಕಂಠ ಹೆಚ್ಚು ದೂರ ಕೇಳುವಂತಹದ್ದಾಗಿತ್ತು. ಎಳೆಯ ವಯಸ್ಸಿನ ಝೈದ್ ಬಿನ್ ಸಾಬಿತ್(ರ)ರ ನೆನಪಿನ ಶಕ್ತಿಯನ್ನು ಗುರುತಿಸಿ ಯಹೂದಿಯರ ಲಿಪಿಯನ್ನು ಕಲಿಯಲು ಹಚ್ಚಿದರು. ಅವರು ಅರ್ಧ ತಿಂಗಳಲ್ಲಿ ಅದನ್ನು ಕಲಿತು ಪತ್ರ ವ್ಯವಹಾರ ನೋಡಿಕೊಂಡರು. ಮುಂದೆ ಕುರ್‌ಆನನ್ನು ಗ್ರಂಥರೂಪಕ್ಕೆ ತರುವ ಮಹತ್ಕಾರ್ಯವೂ ಅವರ ಪಾಲಿಗೇ ಬಂತು. ಹಸ್ಸಾನ್(ರ)ರ ಕಾವ್ಯ ಪ್ರತಿಭೆಗಾಗಿ ಮಸೀದಿಯಲ್ಲಿ ಪೀಠವನ್ನೇ ಇಡಿಸಿದರು. ಖಾಲಿದ್(ರ)ರಿಗೆ ಸೇನೆ, ಮುಆದ್(ರ)ರಿಗೆ ಯಮನಿನಲ್ಲಿ ಬೋಧನೆ ಮತ್ತು ನ್ಯಾಯದ ಹೊಣೆ. ಎಲ್ಲರಿಗೂ ಒಂದೇ ನಮಾಝ್, ಒಂದೇ ಉಪವಾಸ. ಕೆಲಸ ಮಾತ್ರ ಒಂದೇ ಅಲ್ಲ.

ಇನ್ನೊಂದು ಘಟನೆಯನ್ನು ಪ್ರತಿಯೊಬ್ಬ ತಂದೆ ತಾಯಿಯೂ ನೆನಪಿಡಬೇಕು. ಒಂದು ರಾತ್ರಿ ಪ್ರವಾದಿ(ಸ)ರು ಹೊರಟಾಗ ಅಬೂಬಕರ್(ರ) ಮೆಲುದನಿಯಲ್ಲಿಯೂ ಉಮರ್(ರ) ಗಟ್ಟಿಯಾದ ದನಿಯಲ್ಲಿಯೂ ನಮಾಝ್ ಮಾಡುತ್ತಿದ್ದುದನ್ನು ಕಂಡರು. ನಂತರ ಇಬ್ಬರನ್ನೂ ವಿಚಾರಿಸಿದರು. ಯಾರೊಂದಿಗೆ ಸಂಭಾಷಿಸುತ್ತಿದ್ದೇನೋ ಅವನಿಗೆ ಕೇಳಿಸುತ್ತಿದೆಯಲ್ಲ ಎಂಬುದು ಅಬೂಬಕರ್(ರ)ರ ಉತ್ತರ. ಮಲಗಿದವರನ್ನು ಎಬ್ಬಿಸುತ್ತಿದ್ದೇನೆ, ಶೈತಾನನನ್ನು ಓಡಿಸುತ್ತಿದ್ದೇನೆ ಎಂಬುದು ಉಮರ್(ರ)ರ ಉತ್ತರ. ಇಬ್ಬರ ಉತ್ತರದಲ್ಲಿಯೂ ಅವರವರ ಸ್ವಭಾವವೇ ಮಾತನಾಡುತ್ತಿದೆ. ಪ್ರವಾದಿ(ಸ)ರು ಒಬ್ಬರಿಗೆ ದನಿಯನ್ನು ತುಸು ಏರಿಸಲು, ಇನ್ನೊಬ್ಬರಿಗೆ ತುಸು ಇಳಿಸಲು ಹೇಳಿದರು. ಅಬೂಬಕರ್‌ರನ್ನು ಉಮರ್ ಆಗಲು ಹೇಳಲಿಲ್ಲ, ಉಮರ್‌ರನ್ನು ಅಬೂಬಕರ್ ಆಗಲು ಹೇಳಲಿಲ್ಲ. ತರಬೇತಿ ಎಂದರೆ ಇದೇ. ಸ್ವಭಾವವನ್ನು ಕಿತ್ತೊಗೆಯುವುದಲ್ಲ, ತುಸು ಏರಿಸುವುದು, ತುಸು ಇಳಿಸುವುದು.

ವಿದ್ವಾಂಸರ ಮಾರ್ಗದರ್ಶನ

ಮಕ್ಕಳ ಮನೋವಿಜ್ಞಾನ ಪಶ್ಚಿಮದಿಂದ ಬಂದ ಹೊಸ ವಿದ್ಯೆಯೆಂದು ಹಲವರು ತಿಳಿದಿದ್ದಾರೆ. ಕ್ರಿ.ಶ. 1350ರಲ್ಲಿ ನಿಧನರಾದ ದಮಾಸ್ಕಸಿನ ಇಮಾಮ್ ಇಬ್ನುಲ್ ಕಯ್ಯಿಮ್(ರಹ) ಶಿಶುಗಳ ಪಾಲನೆಯ ಬಗ್ಗೆ ‘ತುಹ್ಫತುಲ್ ಮೌದೂದ್’ ಎಂಬ ಗ್ರಂಥವನ್ನೇ ಬರೆದಿದ್ದಾರೆ. ಮಗು ಯಾವ ಕೆಲಸಕ್ಕೆ ಸಿದ್ಧವಾಗಿ ಹುಟ್ಟಿದೆಯೆಂಬುದನ್ನು ಹಿರಿಯರು ಗಮನಿಸಬೇಕೆಂದು ಅವರು ಅದರಲ್ಲಿ ಹೇಳುತ್ತಾರೆ. ಗ್ರಹಣ ಶಕ್ತಿಯೂ ನೆನಪಿನ ಶಕ್ತಿಯೂ ಚೆನ್ನಾಗಿದ್ದರೆ ವಿದ್ಯೆಗೆ, ಸವಾರಿ ಮತ್ತು ಬಿಲ್ವಿದ್ಯೆಯಲ್ಲಿ ಆಸಕ್ತಿಯಿದ್ದರೆ ಅದಕ್ಕೆ, ಕೈಕಸುಬಿನ ಕಡೆ ಕಣ್ಣಿದ್ದರೆ ಆ ಕಸುಬಿಗೆ ಅವಕಾಶ ಮಾಡಿಕೊಡಬೇಕು. ಧರ್ಮದ ಅಗತ್ಯ ಜ್ಞಾನವನ್ನು ಮಾತ್ರ ಎಲ್ಲರಿಗೂ ಕೊಟ್ಟ ನಂತರ. ಬೇರೆಯದಕ್ಕೆ ಬಲವಂತ ಮಾಡಿದರೆ ಮಗು ಅದರಲ್ಲಿಯೂ ಯಶಸ್ವಿಯಾಗುವುದಿಲ್ಲ, ತನಗೆ ಒದಗಿದ್ದನ್ನೂ ಕಳೆದುಕೊಳ್ಳುತ್ತದೆ ಎಂಬುದು ಅವರ ಎಚ್ಚರಿಕೆ.

ಸ್ಪೇನಿನ ಇಮಾಮ್ ಶಾತಿಬಿ(ರಹ) (ನಿಧನ 1388) ಇದನ್ನೇ ಸಾಮುದಾಯಿಕ ಕಡ್ಡಾಯದ, ಅಂದರೆ ಫರ್ಝ್ ಕಿಫಾಯದ ವಿಷಯಕ್ಕೆ ಹೊಂದಿಸಿದರು. ಮಕ್ಕಳೆಲ್ಲ ಒಂದೇ ಹಾದಿಯಲ್ಲಿ ಹೊರಡಲಿ, ಅವರವರ ಸಾಮರ್ಥ್ಯ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಸಮುದಾಯಕ್ಕೆ ಬೇಕಾದ ಒಂದು ಸ್ಥಾನದಲ್ಲಿ ನಿಲ್ಲಲಿ ಎಂಬುದು ಅವರ ವಿಚಾರದ ಸಾರಾಂಶ. ಇಮಾಮ್ ಗಝ್ಝಾಲಿ(ರಹ)ಯವರಂತೂ (ನಿಧನ 1111) ವೈದ್ಯ, ಲೆಕ್ಕ, ಬೇಸಾಯ, ನೇಯ್ಗೆಗಳನ್ನೂ ಫರ್ಝ್ ಕಿಫಾಯದಲ್ಲಿ ಸೇರಿಸಿದರು. ತಮ್ಮ ಕಾಲದ ಎಷ್ಟೋ ಊರುಗಳಲ್ಲಿ ಮುಸ್ಲಿಮ್ ವೈದ್ಯನೇ ಇಲ್ಲದಿರುವಾಗ ಜನರೆಲ್ಲ ಫಿಕ್ಹಿನ ವಾದವಿವಾದಗಳ ಕಡೆಗೇ ಮುಗಿಬೀಳುತ್ತಿದ್ದುದನ್ನು ಅವರು ಕಟುವಾಗಿ ಟೀಕಿಸಿದರು. ಎಲ್ಲರೂ ಒಂದೇ ಬಾಗಿಲಲ್ಲಿ ನೂಕಾಡುವ ರೋಗ ಹೊಸದಲ್ಲ. ಬಾಗಿಲು ಮಾತ್ರ ಬದಲಾಗಿದೆ.

ಇಮಾಮ್ ಮಾಲಿಕ್(ರಹ)ರ (ನಿಧನ 795) ಒಂದು ಪತ್ರವೂ ಇಲ್ಲಿ ಸ್ಮರಣೀಯ. ಅಬ್ದುಲ್ಲಾ ಅಲ್ ಉಮರಿ ಎಂಬ ಸಾಧಕರು, ಪಾಠ ಪ್ರವಚನ ಬಿಟ್ಟು ಏಕಾಂತ ಆರಾಧನೆಗೆ ಬನ್ನಿರೆಂದು ಅವರಿಗೆ ಬರೆದಿದ್ದರು. ಅಲ್ಲಾಹನು ಅನ್ನವನ್ನು ಹಂಚಿದಂತೆಯೇ ಸತ್ಕರ್ಮಗಳನ್ನೂ ಹಂಚಿದ್ದಾನೆ, ಒಬ್ಬನಿಗೆ ನಮಾಝಿನ ಬಾಗಿಲು ತೆರೆದರೆ ಇನ್ನೊಬ್ಬನಿಗೆ ದಾನದ, ಮತ್ತೊಬ್ಬನಿಗೆ ಜಿಹಾದಿನ ಬಾಗಿಲು ತೆರೆಯುತ್ತಾನೆ, ವಿದ್ಯೆಯನ್ನು ಹರಡುವುದೂ ಶ್ರೇಷ್ಠ ಪುಣ್ಯಕರ್ಮವೇ, ನಾವಿಬ್ಬರೂ ಒಳಿತಿನಲ್ಲಿಯೇ ಇದ್ದೇವೆಂದು ಆಶಿಸುತ್ತೇನೆ ಎಂಬ ಅರ್ಥದ ಉತ್ತರವನ್ನು ಇಮಾಮರು ಕಳುಹಿಸಿದರು. ಅಣ್ಣ ತಮ್ಮಂದಿರಲ್ಲಿ ಒಬ್ಬ ಆಲಿಮ್, ಇನ್ನೊಬ್ಬ ಎಲೆಕ್ಟ್ರಿಷಿಯನ್ ಆದಾಗ ಒಬ್ಬರನ್ನೊಬ್ಬರು ಕೀಳಾಗಿ ಕಾಣುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ನಮ್ಮ ನೆಲದ ಇತಿಹಾಸ

ಸ್ವಭಾವವು ವ್ಯಕ್ತಿಯ ಓದನ್ನಷ್ಟೇ ಅಲ್ಲ, ರಾಜ್ಯದ ಹಾದಿಯನ್ನೂ ತಿದ್ದಬಲ್ಲುದು. ಆದಿತ್ಯನಗರದ ನೆರೆಯಲ್ಲಿರುವ ಮಳಖೇಡವೇ ಅದಕ್ಕೆ ಸಾಕ್ಷಿ. ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 814ರ ಸುಮಾರಿಗೆ ಹುಡುಗನಾಗಿಯೇ ಪಟ್ಟವೇರಿದ ಅಮೋಘವರ್ಷ ನೃಪತುಂಗ ಆರು ದಶಕಗಳಿಗೂ ಹೆಚ್ಚು ಕಾಲ ಆಳಿದನು. ಅವನು ಯುದ್ಧಗಳನ್ನೇ ಮಾಡಲಿಲ್ಲವೆಂದಲ್ಲ. ದಂಗೆಗಳನ್ನೂ ವೆಂಗಿಯವರನ್ನೂ ಎದುರಿಸಬೇಕಾಯಿತು. ಆದರೆ ಅವನ ಒಲವು ವಿದ್ಯೆ, ಧರ್ಮ ಮತ್ತು ಶಾಂತಿಯ ಕಡೆಗಿತ್ತು. ಬಹುಕಾಲದ ವೈರಿಗಳಾದ ಗಂಗರೊಂದಿಗೆ ಮಗಳನ್ನು ಕೊಟ್ಟು ನೆಂಟಸ್ತಿಕೆ ಬೆಳೆಸಿದನು. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಪರರ ವಿಚಾರವನ್ನೂ ಪರಧರ್ಮವನ್ನೂ ಸಹಿಸುವುದನ್ನು ದೊಡ್ಡ ಸಂಪತ್ತೆಂದು ಆ ಗ್ರಂಥ ಎಣಿಸುತ್ತದೆ.

ಈ ಗುಣ ಹೊರಗಿನವರ ಕಣ್ಣಿಗೂ ಬಿದ್ದಿತ್ತು. ಕ್ರಿ.ಶ. 851ರ ಅರಬ್ ವರ್ತಕರ ವೃತ್ತಾಂತದಲ್ಲಿ ‘ಬಲ್ಹರಾ’ ಎಂಬ ಹೆಸರಿನಲ್ಲಿ ರಾಷ್ಟ್ರಕೂಟ ದೊರೆಯು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದೂ ಅರಬರ ಮೇಲೆ ವಿಶೇಷ ಪ್ರೀತಿಯುಳ್ಳವನೆಂದೂ ಬಂದಿದೆ. ಮುಂದಿನ ಶತಮಾನದ ಅಲ್ ಮಸ್‌ಊದಿ ಈ ರಾಜ್ಯದಲ್ಲಿ ಮುಸ್ಲಿಮರು ಗೌರವದಿಂದ ಬಾಳುತ್ತಿದ್ದರೆಂದೂ ಅವರಿಗೆ ಮಸೀದಿಗಳಿದ್ದುವೆಂದೂ ಬರೆದಿದ್ದಾನೆ. ಈ ಸಹನೆ ಕೇವಲ ಒಬ್ಬ ಅರಸನ ಗುಣವಾಗಿ ಉಳಿಯದೆ ನಾಡಿನ ಪದ್ಧತಿಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಐದು ಶತಮಾನಗಳ ನಂತರ ಕಲಬುರಗಿಯಲ್ಲಿ ಒಂದೇ ಮನೆಯ ಇಬ್ಬರು ಅಣ್ಣ ತಮ್ಮಂದಿರನ್ನು ಕಾಣುತ್ತೇವೆ. ಬಹಮನಿ ಸುಲ್ತಾನ ಫಿರೋಝ್ ಶಾಹ್ (ಆಳ್ವಿಕೆ 1397–1422) ಭಾಷೆ, ರೇಖಾಗಣಿತ, ಖಗೋಳ ಶಾಸ್ತ್ರಗಳ ಪ್ರೇಮಿ. ಅವನು ವಾರದಲ್ಲಿ ಮೂರು ದಿನ ಸ್ವತಃ ಪಾಠ ಹೇಳುತ್ತಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ದೌಲತಾಬಾದಿನ ಬಳಿ 1407ರಲ್ಲಿ ನಕ್ಷತ್ರ ವೀಕ್ಷಣಾಲಯವೊಂದನ್ನು ಕಟ್ಟಿಸಲು ಆರಂಭಿಸಿದ್ದನು, ಅದು ಪೂರ್ಣಗೊಳ್ಳಲಿಲ್ಲ. ಅವನ ತಮ್ಮ ಅಹ್ಮದ್ ಶಾಹ್ ಭಕ್ತಿ ಪ್ರಧಾನ ವ್ಯಕ್ತಿ, ಖ್ವಾಜಾ ಬಂದೇ ನವಾಝ್(ರಹ)ರ ಅಭಿಮಾನಿ. ಜನ ಅವನನ್ನು ‘ವಲೀ’ ಎಂದೇ ಕರೆದರು. ಒಂದೇ ಮನೆತನ, ಒಂದೇ ಅರಮನೆ. ಆದರೆ ಒಬ್ಬನನ್ನು ನಕ್ಷತ್ರ ಸೆಳೆಯಿತು, ಇನ್ನೊಬ್ಬನನ್ನು ಖಾನ್‌ಖಾ ಸೆಳೆಯಿತು. ನಮ್ಮ ಮನೆಯ ಇಬ್ಬರು ಮಕ್ಕಳು ಒಂದೇ ರೀತಿ ಇಲ್ಲವೆಂದು ನಾವೇಕೆ ಬೇಸರಪಡಬೇಕು?

ಓದಿನ ಆಯ್ಕೆಯಲ್ಲಿ

ಈಗ ನಮ್ಮ ಪ್ರಶ್ನೆಗೆ ಮರಳೋಣ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ. 65ರಷ್ಟು, ಮಹಿಳೆಯರದು ಶೇ. 55ರಷ್ಟು ಇತ್ತು. ರಾಜ್ಯದ ಸರಾಸರಿ ಶೇ. 75 ದಾಟಿತ್ತು. ಹಿಂದುಳಿದ ಈ ಪ್ರದೇಶಕ್ಕಾಗಿ ಸಂವಿಧಾನದಲ್ಲಿ 371(ಜೆ) ವಿಧಿ ಸೇರಿತು, 2013ರಿಂದ ಅದು ಜಾರಿಗೆ ಬಂತು. ಅದರಂತೆ ಇಲ್ಲಿಯ ಸ್ಥಳೀಯರಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದಲ್ಲಿ ಶೇ. 8 ಸೀಟುಗಳು ಮೀಸಲಾದವು. ಈ ಭಾಗದ ಸರಕಾರಿ ಹುದ್ದೆಗಳಲ್ಲಿಯೂ ದೊಡ್ಡ ಪಾಲು ದೊರೆಯಿತು. ಬಾಗಿಲುಗಳು ತೆರೆದಿವೆ. ಯಾರು ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯುವುದು ನಮ್ಮ ಕೆಲಸ.

ಮನೆಯಲ್ಲಿ ಒಬ್ಬ ಹುಡುಗನಿದ್ದಾನೆನ್ನೋಣ. ಕೆಟ್ಟುಹೋದ ಫ್ಯಾನನ್ನು ಬಿಚ್ಚದೆ ಬಿಡುವುದಿಲ್ಲ, ಪುಸ್ತಕ ಹಿಡಿದರೆ ನಿದ್ದೆ. ಅವನನ್ನು ‘ದಡ್ಡ’ ಎನ್ನುತ್ತೇವೆ. ವಾಸ್ತವದಲ್ಲಿ ಅವನ ಬುದ್ಧಿ ಕೈಬೆರಳುಗಳಲ್ಲಿದೆ. ಅವನಿಗೆ ಐ.ಟಿ.ಐ. ಶಿಕ್ಷೆಯಲ್ಲ, ಗೌರವದ ಹಾದಿ. ಡಿಪ್ಲೊಮಾ ಮಾಡಿದರೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಇನ್ನೊಬ್ಬಳು ಮನೆಯ ಹಾಲಿನ ಲೆಕ್ಕ, ದಿನಸಿಯ ಚೀಟಿ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುತ್ತಾಳೆ. ಅವಳು ವಾಣಿಜ್ಯ ಓದಲಿ. ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುವ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ (2:282) ನ್ಯಾಯವಾಗಿ ಬರೆಯುವವನ ಹೊಣೆಯನ್ನು ಎಷ್ಟು ದೊಡ್ಡದೆಂದು ಎಣಿಸಿದೆ!

ಮತ್ತೊಬ್ಬ ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡಿ ಎಲ್ಲರನ್ನೂ ನಗಿಸುತ್ತಾನೆ. ತೆಲಂಗಾಣದ ಗಡಿಯ ಸೇಡಂ, ಚಿಂಚೋಳಿಗಳಲ್ಲಿ ಇಂತಹ ಮಕ್ಕಳಿಗೆ ಕೊರತೆಯಿಲ್ಲ. ಅವನನ್ನು ಕಲಾ ವಿಭಾಗಕ್ಕೆ ಸೇರಿಸಲು ನಾಚಿಕೆಪಡುವುದೇಕೆ? ಶಿಕ್ಷಕ, ವಕೀಲ, ಪತ್ರಕರ್ತ, ಅನುವಾದಕ, ಇವರೆಲ್ಲರ ಕೊರತೆ ಸಮುದಾಯದಲ್ಲಿದೆ. ಎರಡು ಒಲವುಗಳಿರುವ ಮಗುವೂ ಇರುತ್ತದೆ. ಕವಿ ಕೆ.ಎಸ್. ನಿಸಾರ್ ಅಹಮದ್‌ರವರು (1936–2020) ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ, ನಾಡಿಗೆ ಕೊಟ್ಟದ್ದು ಕವಿತೆ. ಒಂದು ಅನ್ನಕ್ಕಾಯಿತು, ಇನ್ನೊಂದು ಮನಸ್ಸಿಗಾಯಿತು. ಎರಡಕ್ಕೂ ಜಾಗ ಮಾಡಿಕೊಡಲು ಸಾಧ್ಯ.

ಮದ್ರಸಾದ ಆಯ್ಕೆಯಲ್ಲಂತೂ ನಾವು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಓದಿನಲ್ಲಿ ಮುಂದಿರುವವನನ್ನು ಕಾಲೇಜಿಗೂ ತಂಟೆಕೋರನನ್ನು ಮದ್ರಸಾಕ್ಕೂ ಕಳುಹಿಸುವ ರೂಢಿ ಹಲವು ಕಡೆ ಇದೆ. ಇದರಿಂದ ಆ ಮಗುವಿಗೂ ಅನ್ಯಾಯ, ಅಲ್ಲಾಹನ ಗ್ರಂಥಕ್ಕೂ ಅಗೌರವ. ಹಿಫ್ಝ್ ಎಂಬುದು ನೆನಪಿನ ಶಕ್ತಿಯನ್ನೂ ಒಂಟಿಯಾಗಿ ಗಂಟೆಗಟ್ಟಲೆ ಕುಳಿತುಕೊಳ್ಳುವ ತಾಳ್ಮೆಯನ್ನೂ ಬೇಡುವ ಸಾಧನೆ. ಹಾಗೆಯೇ ಮದ್ರಸಾಕ್ಕೆ ಹೋದವನಿಗೆ ಬೇರೆ ದಾರಿ ಮುಚ್ಚಿತೆಂದೂ ತಿಳಿಯಬಾರದು. 1989ರಲ್ಲಿ ಸಣ್ಣದಾಗಿ ಆರಂಭವಾದ ಬೀದರಿನ ಶಾಹೀನ್ ಸಂಸ್ಥೆಯು ಹಿಫ್ಝ್ ಮುಗಿಸಿದ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆಗಳನ್ನು ಕಲಿಸಿ ಸಾಮಾನ್ಯ ಶಿಕ್ಷಣದ ಹಾದಿಗೆ ತರುವ ವ್ಯವಸ್ಥೆ ಮಾಡಿದೆ.

ಹೆಣ್ಣು ಮಕ್ಕಳ ಬಗ್ಗೆ ಒಂದು ಮಾತು. ‘ಅವಳು ಮಾತೇ ಆಡುವುದಿಲ್ಲ, ಮನೆಯಲ್ಲಿದ್ದರೇ ಸುಖ’ ಎಂದು ತೀರ್ಮಾನಿಸಿಬಿಡುತ್ತೇವೆ. ಮೌನ ಎಂಬುದು ಸ್ವಭಾವವೂ ಆಗಿರಬಹುದು, ಭಯವೂ ಆಗಿರಬಹುದು, ಯಾರೂ ಕೇಳದ ಕಾರಣ ಬಂದ ಅಭ್ಯಾಸವೂ ಆಗಿರಬಹುದು. ಮೊದಲು ಕೇಳಿ ನೋಡಬೇಕು. ಪ್ರವಾದಿ ಪತ್ನಿ ಹಫ್ಸಾ(ರ)ರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಪ್ರವಾದಿ(ಸ)ರ ಮನೆಯೊಳಗೆ ನಡೆದ ಪಾಠ ಅದು.

ಊರಿನ ಹೊಣೆಗಾರಿಕೆಯಲ್ಲಿ

ಓದಿನಲ್ಲಿ ಸ್ವಭಾವ ಮುಖ್ಯವಾದಂತೆ ಸಾರ್ವಜನಿಕ ಜೀವನದಲ್ಲಿಯೂ ಅದು ಮುಖ್ಯ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಊರಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ. 2009ರ ಶಿಕ್ಷಣ ಹಕ್ಕು ಕಾನೂನಿನಂತೆ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಿಯರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕದಲ್ಲಿ ಇದನ್ನು ಎಸ್.ಡಿ.ಎಂ.ಸಿ. ಎನ್ನುತ್ತೇವೆ. ಇಷ್ಟೆಲ್ಲ ಇದ್ದರೂ ಇಂತಹ ಸಭೆಗಳಲ್ಲಿ ಕೇಳಿಸುವುದು ಗಟ್ಟಿ ದನಿಯ ನಾಲ್ಕೈದು ಮಂದಿಯ ಮಾತು. ಉಳಿದವರು ‘ನಮಗೆ ಮಾತಾಡಲು ಬರುವುದಿಲ್ಲ’ ಎಂದು ದೂರ ಉಳಿಯುತ್ತಾರೆ.

ಮಾತು ಬಾರದಿರುವುದು ಹೊಣೆಯಿಂದ ಬಿಡುಗಡೆಯಲ್ಲ. ಮೂಸಾ(ಅ)ರು ತಮ್ಮ ನಾಲಗೆಯ ತೊಡಕನ್ನು ಅಲ್ಲಾಹನ ಮುಂದೆ ಹೇಳಿಕೊಂಡರು, ಆದರೆ ಕೆಲಸ ಬಿಡಲಿಲ್ಲ. ತಮಗಿಂತ ಸ್ಫುಟವಾಗಿ ಮಾತಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜತೆಗೆ ಕೊಡೆಂದು ಬೇಡಿದರು (28:34). ಊರಿನ ಕೆಲಸಕ್ಕೂ ಇದೇ ಮಾದರಿ. ಅಂಜದೆ ಮಾತಾಡಬಲ್ಲವನು ನೀರಿನ ತೊಂದರೆಯನ್ನು ಸಭೆಯಲ್ಲಿ ಎತ್ತಲಿ. ಶಿಸ್ತಿನವನು ಅರ್ಜಿ, ರಸೀದಿ, ಲೆಕ್ಕಗಳನ್ನು ಇಡಲಿ. ಮೃದು ಮನಸ್ಸಿನವಳು ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ತಾಯಂದಿರೊಂದಿಗೆ ಮಾತಾಡಲಿ. ಅನುಮಾನ ಸ್ವಭಾವದವನಿಗೂ ಒಂದು ಕೆಲಸವಿದೆ, ಮಂಜೂರಾದ ಹಣ ಎಲ್ಲಿ ಹೋಯಿತೆಂದು ಕೇಳುವುದು!

ಆದರೆ ಅಧಿಕಾರದ ಸ್ಥಾನಕ್ಕೆ ಆರಿಸುವಾಗ ಬೇರೆಯೇ ಅಳತೆಗೋಲು ಬೇಕು. ಅಬೂದರ್ರ್(ರ)ರಂತಹ ಸತ್ಯವಂತ ಅನುಚರರು ತಮಗೊಂದು ಅಧಿಕಾರ ಕೊಡಿರೆಂದು ಕೇಳಿದಾಗ ಪ್ರವಾದಿ(ಸ)ರು ಅವರ ಹೆಗಲು ತಟ್ಟಿ, ಆ ವಿಷಯದಲ್ಲಿ ಅವರು ದುರ್ಬಲರೆಂದೂ ಅಧಿಕಾರವು ಅಮಾನತ್ ಎಂದೂ ತಿಳಿಸಿ ನಿರಾಕರಿಸಿದರು. ಅವರ ಸತ್ಯಸಂಧತೆಯನ್ನು ಅದೇ ಪ್ರವಾದಿ(ಸ)ರು ಬಹಳವಾಗಿ ಹೊಗಳಿದ್ದಾರೆ. ಒಳ್ಳೆಯವರಾಗಿರುವುದು ಬೇರೆ, ಆ ಸ್ಥಾನಕ್ಕೆ ಒದಗುವುದು ಬೇರೆ. ನಾವೋ ಮಸೀದಿ ಕಮಿಟಿಗೂ ಪುರಸಭೆಗೂ ಶ್ರೀಮಂತಿಕೆ ಅಥವಾ ಮಾತಿನ ಅಬ್ಬರ ನೋಡಿ ಆರಿಸುತ್ತೇವೆ. ಶಕ್ತಿ ಮತ್ತು ಪ್ರಾಮಾಣಿಕತೆ ಎರಡೂ ಇರುವವನೇ ಉತ್ತಮ ಕೆಲಸಗಾರನೆಂಬ ಮಾತನ್ನು ಕುರ್‌ಆನ್ ಒಬ್ಬ ಹೆಣ್ಣು ಮಗಳ ಬಾಯಿಂದ ಉಲ್ಲೇಖಿಸಿದೆ (28:26). ಮತ ಹಾಕುವ ಮುನ್ನ ಈ ಎರಡು ಪದಗಳನ್ನು ನೆನಪಿಸಿಕೊಂಡರೂ ಸಾಕು.

ಎರಡು ಅಪಾಯಗಳು

ಸ್ವಭಾವದ ಮಾತು ಬಂದಾಗ ಎರಡು ಅಪಾಯಗಳಿವೆ. ಮೊದಲನೆಯದು, ಅದನ್ನು ನೆಪ ಮಾಡಿಕೊಳ್ಳುವುದು. ಹೆಂಡತಿ ಮಕ್ಕಳ ಮೇಲೆ ರೇಗಿ, ‘ನನ್ನ ಮಿಜಾಜೇ ಹೀಗೆ’ ಎನ್ನುವವರಿದ್ದಾರೆ. ಒಬ್ಬರು ಬಂದು ಉಪದೇಶ ಬೇಡಿದಾಗ ಪ್ರವಾದಿ(ಸ)ರು ಕೋಪಿಸಬೇಡವೆಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆಂದು ಬುಖಾರಿಯಲ್ಲಿದೆ. ಕೋಪ ಹುಟ್ಟಿನಿಂದ ಬಂದಿರಬಹುದು, ಅದಕ್ಕೆ ಕಡಿವಾಣ ಹಾಕುವುದು ನಮ್ಮ ಹೊಣೆ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಭಾರ ಹೊರಿಸುವುದಿಲ್ಲ (2:286). ಆದರೆ ಸಾಮರ್ಥ್ಯದೊಳಗಿನದರ ಲೆಕ್ಕವನ್ನು ಖಂಡಿತ ಕೇಳುತ್ತಾನೆ.

ಎರಡನೆಯದು, ಮಗುವಿನ ಹಣೆಗೆ ಚೀಟಿ ಅಂಟಿಸುವುದು. ‘ಇವನು ಹೆದರುಪುಕ್ಕಲ’, ‘ಇವಳಿಗೆ ಲೆಕ್ಕ ಹತ್ತುವುದಿಲ್ಲ’ ಎಂದು ನೆಂಟರೆದುರು ಹತ್ತು ಬಾರಿ ಹೇಳಿದರೆ ಮಗು ಹನ್ನೊಂದನೆಯ ಬಾರಿ ಅದನ್ನು ನಂಬುತ್ತದೆ. ಹದಿನಾರರ ಸ್ವಭಾವ ಮೂವತ್ತಕ್ಕೆ ಹಾಗೆಯೇ ಇರುವುದಿಲ್ಲ. ವಯಸ್ಸಾದಂತೆ ಹೆಚ್ಚಿನವರಲ್ಲಿ ಶಿಸ್ತೂ ಹೊಂದಾಣಿಕೆಯೂ ಬೆಳೆಯುತ್ತವೆಂದು ಮನಶ್ಶಾಸ್ತ್ರವೂ ಕಂಡುಕೊಂಡಿದೆ. ಇಸ್ಲಾಮಿನ ಕಟು ವಿರೋಧಿಯಾಗಿ ಹೊರಟ ಉಮರ್(ರ)ರ ಅದೇ ದೃಢತೆ ಮುಂದೆ ನ್ಯಾಯದ ಕಾವಲಾಯಿತಲ್ಲವೇ? ಲೋಹ ಬದಲಾಗಲಿಲ್ಲ, ಅಚ್ಚು ಬದಲಾಯಿತು.

ತಂದೆ ತಾಯಿಯರಿಗೆ

ಈ ವರ್ಷ ಮಗುವಿನ ಓದಿನ ಬಗ್ಗೆ ತೀರ್ಮಾನಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಯಾರೂ ಹೇಳದಿದ್ದರೂ ಈ ಮಗು ಯಾವ ಕೆಲಸವನ್ನು ತಾನಾಗಿ ಮಾಡುತ್ತದೆ? ಯಾವುದರಲ್ಲಿ ಹೊತ್ತು ಹೋದದ್ದೇ ಅದಕ್ಕೆ ತಿಳಿಯುವುದಿಲ್ಲ? ಸೋತಾಗ ಯಾವ ಕೆಲಸಕ್ಕೆ ಮರಳಿ ಕೈ ಹಾಕುತ್ತದೆ? ಜನರ ನಡುವೆ ಅರಳುತ್ತದೆಯೋ, ಒಂಟಿಯಾಗಿದ್ದಾಗಲೋ? ಅದರ ಶಿ��್ಷಕರು ಏನು ಹೇಳುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಮಗು ಸ್ವತಃ ಏನು ಹೇಳುತ್ತದೆ? ಅದನ್ನು ಹತ್ತಿರ ಕೂರಿಸಿಕೊಂಡು ಪ್ರೀತಿಯಿಂದ ಕೇಳಬೇಕು. ನಂತರ ಮನೆಯ ಆರ್ಥಿಕ ಸ್ಥಿತಿ, ಕಾಲೇಜಿನ ದೂರ, ಉದ್ಯೋಗದ ಅವಕಾಶಗಳನ್ನು ತೂಗಿ ನೋಡಬೇಕು. ಸಮಾಲೋಚನೆ ಮಾಡಿ, ಇಸ್ತಿಖಾರ ನಮಾಝ್ ನಿರ್ವಹಿಸಿ, ಅಲ್ಲಾಹನ ಮೇಲೆ ಭರವಸೆಯಿಟ್ಟು ಹೆಜ್ಜೆಯಿಡಬೇಕು.

ವಿಶ್ವಾಸಿಗಳೆಲ್ಲರೂ ಒಟ್ಟಿಗೆ ಯುದ್ಧಕ್ಕೆ ಹೊರಡಬೇಕಾಗಿಲ್ಲ, ಪ್ರತಿ ಗುಂಪಿನಿಂದ ಕೆಲವರು ಧರ್ಮದ ತಿಳುವಳಿಕೆ ಪಡೆಯಲು ಮುಂದಾಗಲಿ ಎಂದು ಕುರ್‌ಆನ್ ಸೂಚಿಸಿದೆ (9:122). ಆಪತ್ತಿನ ಕಾಲದಲ್ಲಿಯೇ ಹೊಣೆಗಳನ್ನು ಹೀಗೆ ಹಂಚಿಕೊಳ್ಳಲು ಹೇಳಿರುವಾಗ ಶಾಂತಿಯ ಕಾಲದಲ್ಲಿ ನಮ್ಮ ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಗತ್ಯವೇನಿದೆ?

ನಮ್ಮ ಕೈಗೆ ಒಪ್ಪಿಸಲಾದ ಮಕ್ಕಳ ಒಳಗಿರುವ ಲೋಹವನ್ನು ಗುರುತಿಸುವ ಕಣ್ಣನ್ನೂ ಅದನ್ನು ತಾಳ್ಮೆಯಿಂದ ಶುದ್ಧಗೊಳಿಸುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.